ಜೀಪಿನ ಚಾಸಿಗೆ ತುಕ್ಕು: ಪ್ಲೇಟು ಹೊಡೆಸುವ ಮೊದಲು ಸುತ್ತಿಗೆ ಹಿಡಿಯಿರಿ

ಮಳೆ ಹಿಂದೆ ಸರಿದಿದೆ, ಅಡಿಕೆ ಕೊಯ್ಲು ಇನ್ನೂ ಜೋರು ಹಿಡಿದಿಲ್ಲ. ಮಲೆನಾಡಿನ ಜೀಪುಗಳಿಗೆ ವರ್ಷದಲ್ಲಿ ಬಿಡುವು ಅಂತ ಸಿಗೋದು ಈ ಎರಡು ಮೂರು ವಾರ ಮಾತ್ರ. ಈ ಬಿಡುವಿನಲ್ಲಿ ನಾವು ಆಯಿಲ್ ಬದಲಾಯಿಸ್ತೀವಿ, ಟೈರು ನೋಡ್ತೀವಿ, ಟಾರ್ಪಾಲು ಹರಿದಿದ್ರೆ ಹೊಲಿಸ್ತೀವಿ. ಆದರೆ ಇಡೀ ಗಾಡಿಯನ್ನು ಹೊತ್ತು ನಿಂತಿರುವ ಆ ಎರಡು ಉದ್ದನೆಯ ಕಬ್ಬಿಣದ ತೊಲೆಗಳನ್ನು ಬಗ್ಗಿ ನೋಡುವವರು ಕಡಿಮೆ. ಚಾಸಿ ಅಂದರೆ ಅದೇ: ಎರಡು ತೊಲೆ, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳು. ಇಂಜಿನ್, ಬಾಡಿ, ಕಮಾನು ಪಟ್ಟಿ, ಸ್ಟೇರಿಂಗ್ ಬಾಕ್ಸ್ ಎಲ್ಲವೂ ಕೂತಿರುವುದು ಅದರ ಮೇಲೆ.

ಹೋದ ವರ್ಷ ಕೊಯ್ಲಿನ ಹೊತ್ತಿನಲ್ಲಿ ನನ್ನ ಚಿಕ್ಕಪ್ಪನ ಜೀಪು ಹಸಿ ಅಡಿಕೆ ಚೀಲ ಹೇರಿಕೊಂಡು ಗುಡ್ಡ ಹತ್ತುತ್ತಿತ್ತು. ಹಿಂದೆ ಮೂರು ಜನ ಕೆಲಸದವರು ಕೂತಿದ್ದರು. ಬಲಗಡೆಯ ಕಮಾನು ಪಟ್ಟಿಯ ಹ್ಯಾಂಗರ್, ತೊಲೆಯ ಒಂದು ತುಂಡನ್ನೇ ಕಿತ್ತುಕೊಂಡು ಹೊರಗೆ ಬಂತು. ಆಕ್ಸಲ್ ಓರೆಯಾಗಿ ಗಾಡಿ ಧರೆಗೆ ಒರಗಿ ನಿಂತಿತು. ಇನ್ನೊಂದು ಬದಿಯಲ್ಲಿ ಇದ್ದದ್ದು ಹಳ್ಳ. ಮೊದಲನೇ ಗೇರಿನಲ್ಲಿ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಜಾಗವನ್ನು ಎರಡು ವರ್ಷದ ಹಿಂದಷ್ಟೇ ಪೇಟೆಯ ಒಂದು ಗ್ಯಾರೇಜಿನಲ್ಲಿ "ರಿಪೇರಿ" ಮಾಡಿಸಿದ್ದರು. ಬಿಚ್ಚಿ ನೋಡಿದರೆ, ಕೊಳೆತ ಕಬ್ಬಿಣದ ಮೇಲೆ ಹೊಸ ಪ್ಲೇಟು, ಅದರ ಮೇಲೆ ದಪ್ಪ ಕಪ್ಪು ಬಣ್ಣ. ಪ್ಲೇಟು ಇವತ್ತಿಗೂ ಗಟ್ಟಿ ಇದೆ, ಅದು ಹಿಡಿದುಕೊಂಡಿದ್ದ ತೊಲೆ ಪುಡಿಯಾಗಿತ್ತು.

ಅದಾದ ಮೇಲೆ ನಮ್ಮ ಮನೆಯ 1996ರ ಎಂಎಂ 540 ಅಡಿಗೆ ನಾನೂ ನುಗ್ಗಿದೆ. ಅಲ್ಲಿ ಕಂಡದ್ದು ಮತ್ತು ಮಾಡಿಸಿದ ಕೆಲಸದ ವಿವರವನ್ನು ಇಲ್ಲಿ ಹೇಳ್ತಿದ್ದೇನೆ.

ಮೊದಲು, ನಮ್ಮ ಕಡೆ ಗಾಡಿಗಳಿಗೇ ಯಾಕೆ ಇಷ್ಟು ತುಕ್ಕು? ಮಳೆ ಅಂತ ಎಲ್ಲರೂ ಹೇಳ್ತಾರೆ, ಸುಳ್ಳಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುತ್ತದೆ. ಆದರೆ ಬರೀ ಮಳೆನೀರು ಹರಿದು ಹೋಗುತ್ತದೆ. ತಿನ್ನೋದು ನಿಂತ ಕೆಸರು. ತೊಲೆಯ ಮಡಿಕೆಯಲ್ಲಿ, ಪೆಟ್ಟಿಗೆಯಂತೆ ಮುಚ್ಚಿದ ಭಾಗದ ಒಳಗೆ ಮಣ್ಣು ಸೇರಿ ನೀರು ಇಳಿಯುವ ತೂತು ಕಟ್ಟಿಕೊಂಡರೆ, ಹೊರಗೆ ಬಿಸಿಲು ಬಿದ್ದರೂ ಒಳಗೆ ತಿಂಗಳುಗಟ್ಟಲೆ ಹಸಿಯೇ.

ಅದರ ಮೇಲೆ ನಾವು ಹೇರುವ ಸರಕು. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲ ಹರಿದು ಒಂದು ಹಿಡಿ ಬಿದ್ದರೂ ಇಬ್ಬನಿಗೆ ನೀರೊಡೆದು ಕಬ್ಬಿಣಕ್ಕೆ ಅಂಟುತ್ತದೆ. ಸಮುದ್ರದ ಬದಿಯ ಗಾಡಿಗಳಿಗೆ ಆಗುವುದೇ ಇಲ್ಲಿಯೂ ಆಗುತ್ತದೆ.

ಇನ್ನು ಮೈಲುತುತ್ತ. ಬೋರ್ಡೋ ಮಾಡಿದ ಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದ್ದಿ ನೋಡ್ತೀವಲ್ಲ, ಕೆಂಪಗೆ ಹಿಡಿದರೆ ಸುಣ್ಣ ಸಾಲದು ಅಂತ? ಕತ್ತಿಯ ಮೇಲೆ ತಾಮ್ರ ಬಂದು ಕೂತಷ್ಟಕ್ಕೆ ತಕ್ಕ ಹಾಗೆ ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ಮೈಲುತುತ್ತ ಕರಗಿಸಲು ಕಬ್ಬಿಣದ ಡ್ರಮ್ಮು ಬೇಡ ಅನ್ನುವುದೂ ಇದಕ್ಕೇ. ಆದರೆ ಸುಣ್ಣ ಸೇರದ ಅದೇ ನೀಲಿ ನೀರಿನ ಡ್ರಮ್ಮನ್ನು ಜೀಪಿನ ಹಿಂದೆ ಇಟ್ಟು, ಏರು ಹತ್ತುವಾಗ ತುಳುಕಿಸಿಕೊಂಡು ಹೋಗ್ತೀವಿ. ಅದು ಬಾಡಿಯ ಸಂದಿನಿಂದ ಇಳಿದು ನೇರ ಹಿಂದಿನ ಅಡ್ಡಪಟ್ಟಿಗೆ. ನಾನು ನೋಡಿದ ಹೆಚ್ಚಿನ ಜೀಪುಗಳು ಮುಂದೆ ಗಟ್ಟಿಯಿದ್ದು ಹಿಂದೆ ಕೊಳೆತಿರುವುದಕ್ಕೆ ಇದೂ ಒಂದು ಕಾರಣ ಅನ್ನೋದು ನನ್ನ ಅಂದಾಜು. ಸರಿಯಾಗಿ ಸುಣ್ಣ ಹಾಕಿದ ಬೋರ್ಡೋದಿಂದ ಇಷ್ಟು ಕಾಟ ಇಲ್ಲ.

ಪರೀಕ್ಷೆ ಸುಲಭ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಗುಂಡಿ ಇರುವ ಗ್ಯಾರೇಜಾದರೆ ಇನ್ನೂ ವಾಸಿ. ಕಣ್ಣಿಗೆ ಕನ್ನಡಕ ಇರಲಿ. ಕೆಸರನ್ನೆಲ್ಲ ಪಂಪಿನಲ್ಲಿ ತೊಳೆದು ಒಣಗಿಸಿ, ಸಣ್ಣ ಸುತ್ತಿಗೆಯಲ್ಲಿ ತೊಲೆಯ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತದೆ. ಕೊಳೆತದ್ದು ತೆಂಗಿನ ಗೆರಟೆ ತಟ್ಟಿದ ಹಾಗೆ 'ದಬ್' ಅನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಚಕ್ಕೆ ಎದ್ದರೆ ಒಂದು ಲೆಕ್ಕ, ಒಳಗೆ ಹೋದರೆ ಬೇರೆಯೇ ಲೆಕ್ಕ. ಕಮಾನು ಪಟ್ಟಿಯ ಹ್ಯಾಂಗರ್‌ಗಳು, ಹಿಂದಿನ ಅಡ್ಡಪಟ್ಟಿ, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಬಾಡಿ ಬೋಲ್ಟುಗಳ ಕಿವಿ, ಈ ಕಡೆಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಎರಡು ಪ್ಲೇಟು ರಿವೆಟ್ ಹಾಕಿ ಸೇರಿಸಿದ ಕಡೆ ನಡುವಿನ ಸಂದು ಉಬ್ಬಿದೆಯಾ ನೋಡಿ. ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಹಾಗಾಗಿ ಒಳಗಿಂದಲೇ ಪ್ಲೇಟನ್ನು ಅಗಲಿಸುತ್ತದೆ.

ಮುಚ್ಚಿದ ಭಾಗದ ಒಳಗೆ ನೋಡಲು ಫೋನಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ನೀರು ಇಳಿಯುವ ತೂತಿನಿಂದ ತೂರಿಸಿ ವಿಡಿಯೊ ಮಾಡಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಜಾಗದ ವಿಡಿಯೊ ಪಕ್ಕದಲ್ಲಿಟ್ಟು ನೋಡಿದರೆ ತುಕ್ಕು ನಿಂತಿದೆಯೋ ನಡೆಯುತ್ತಿದೆಯೋ ತಿಳಿಯುತ್ತದೆ. ಹಳೇ ಜೀಪು ಕೊಳ್ಳಲು ಹೋಗುವ ಹುಡುಗರಿಗೂ ಇದೇ ಮಾತು. ಅಡಿಯಲ್ಲಿ ಎಲ್ಲ ಹೊಚ್ಚ ಹೊಸ ಕಪ್ಪು ಬಣ್ಣ ಹೊಳೆಯುತ್ತಿದ್ದರೆ ಖುಷಿಪಡಬೇಡಿ, ಸುತ್ತಿಗೆ ಕೇಳಿ. ತಟ್ಟಲು ಬಿಡದವನ ಗಾಡಿ ಬೇಡ.

ಮೇಲ್ಮೈ ತುಕ್ಕಾದರೆ ಉಜ್ಜಿ ಬಣ್ಣ ಹೊಡೆದರೆ ಸಾಕು. ಒಂದೆರಡು ಕಡೆ ತೂತು ಬಿದ್ದು ಉಳಿದದ್ದು ಟಣ್ ಅಂದರೆ ಕತ್ತರಿಸಿ ಹೊಸ ತುಂಡು ಹಾಕಿಸಬಹುದು. ಎರಡೂ ತೊಲೆ ಹಲವು ಕಡೆ ದಬ್ ಅಂದರೆ, ಅಥವಾ ಸ್ಟೇರಿಂಗ್ ಬಾಕ್ಸ್ ಕೂರುವ ಜಾಗವೇ ಮೆತ್ತಗಾಗಿದ್ದರೆ, ಆ ಗಾಡಿಯಲ್ಲಿ ಜನ ಕೂರಿಸುವುದನ್ನು ಅವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ ಯೋಚನೆ ಮಾಡಬಹುದು.

ನಮ್ಮ ಗಾಡಿಯಲ್ಲಿ ಬಲಗಡೆ ತೊಲೆ ಹಿಂದೆ ಒಂದೂವರೆ ಅಡಿಯಷ್ಟು ಹೋಗಿತ್ತು, ಜೊತೆಗೆ ಹಿಂದಿನ ಅಡ್ಡಪಟ್ಟಿ. ಕೆಲಸಕ್ಕೆ ಗೇಟು, ಗ್ರಿಲ್ಲು ಮಾಡುವವರನ್ನು ಕರೆಯಲಿಲ್ಲ. ಟಿಪ್ಪರ್ ಚಾಸಿಗಳಲ್ಲಿ ಕೈ ಪಳಗಿದ ಮೇಸ್ತ್ರಿಯೊಬ್ಬರನ್ನು ಹುಡುಕಿದೆ. "ಮೇಲಿಂದ ಒಂದು ಪ್ಲೇಟು ಹೊಡೆದ್ರೆ ಆಗಲ್ವಾ ಮೇಸ್ತ್ರಿ?" ಅಂತ ಪಕ್ಕದಲ್ಲಿದ್ದ ಅಪ್ಪ ಕೇಳಿದ್ದಕ್ಕೆ ಅವರು, "ಆಗ್ತದೆ ಯಜಮಾನ್ರೇ, ಹುಳುಕು ಹಲ್ಲಿಗೆ ಟೊಪ್ಪಿ ಹಾಕ್ದಂಗೆ. ನಾಳೆ ನಾನು ಸಿಗಲ್ಲ ಅಷ್ಟೇ" ಅಂದರು. ಕೆಲಸ ಅವರಿಗೇ ಕೊಟ್ಟೆವು.

ಬ್ಯಾಟರಿ ಕಳಚಿ, ಡೀಸೆಲ್ ಟ್ಯಾಂಕ್ ಇಳಿಸಿ, ಬ್ರೇಕ್ ಪೈಪು ಮತ್ತು ವೈರಿಂಗ್ ಬದಿಗೆ ಸರಿಸಿದರು. ಥಾರ್ ಸಿಆರ್‌ಡಿಇ ತರದ ಹೊಸ ಗಾಡಿಗಳಾದರೆ ಇಂಜಿನ್ ಕಂಪ್ಯೂಟರಿನ ಕನೆಕ್ಟರ್ ಕೂಡ ತೆಗೆಸಿ, ಇಲ್ಲವಾದರೆ ವೆಲ್ಡಿಂಗ್ ಕರೆಂಟಿಗೆ ಅದು ಸುಡಬಹುದು. ಅರ್ಥಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ದೂರ ಎಲ್ಲೋ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವನ್ನು ಕೆಡಿಸುತ್ತದೆ. ಕಮಾನು ಪಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿದರು, ಕಿಡಿ ಸಿಡಿದ ಜಾಗದಲ್ಲೇ ಪಟ್ಟಿ ಬಿರುಕು ಬಿಡುತ್ತದಂತೆ.

ಕತ್ತರಿಸುವ ಮೊದಲು ಅಳತೆ. ಹಿಂದಿನ ಎಡ ಮೂಲೆಯಿಂದ ಮುಂದಿನ ಬಲ ಮೂಲೆಗೆ, ಹಾಗೇ ಇನ್ನೊಂದು ಕರ್ಣ. ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಎರಡು ತೊಲೆಗಳ ನಡುವೆ ತಾತ್ಕಾಲಿಕವಾಗಿ ಆಂಗಲ್ ಕಬ್ಬಿಣ ಅಡ್ಡ ಬೆಸೆದು, ಆಮೇಲಷ್ಟೇ ಗ್ರೈಂಡರ್ ಹಿಡಿದರು. ಈ ಹೆಜ್ಜೆ ಬಿಟ್ಟ ಗಾಡಿಗಳೇ ಆಮೇಲೆ ರಸ್ತೆಯಲ್ಲಿ ಏಡಿಯ ಹಾಗೆ ಓರೆ ಓಡುವುದು.

ಹೊಳೆಯುವ ಕಬ್ಬಿಣ ಸಿಗುವವರೆಗೂ ಕತ್ತರಿಸಿದರು. ಒಂದೂವರೆ ಅಡಿ ಅಂದುಕೊಂಡದ್ದು ಎರಡೂಕಾಲು ಅಡಿ ಆಯಿತು. ಹೊಸ ತುಂಡನ್ನು ಹಳೆಯ ತೊಲೆಯಷ್ಟೇ ದಪ್ಪದ ಶೀಟಿನಿಂದ ಶಿವಮೊಗ್ಗದಲ್ಲಿ ಮಡಿಸಿ ತರಿಸಿದೆವು. ತೀರಾ ದಪ್ಪದ್ದು ಹಾಕಿದರೆ ಆ ಜಾಗ ಬಗ್ಗುವುದಿಲ್ಲ, ಅದರ ಪಕ್ಕದ ಹಳೇ ಕಬ್ಬಿಣ ಬಿರಿಯುತ್ತದೆ. ಜೋಡಣೆಯನ್ನು ನೇರ ಕತ್ತರಿಸದೆ ಓರೆಯಾಗಿ ಕೊಟ್ಟರು. ನೇರ ಗೆರೆಯಾದರೆ ಇಡೀ ಭಾರ ಒಂದೇ ಗೆರೆಯ ಮೇಲೆ ಬೀಳುತ್ತದೆ. ಬಲಕ್ಕೆ ಹಾಕಿದ ಪ್ಲೇಟಿನ ತುದಿಯನ್ನೂ ವಜ್ರದಾಕಾರಕ್ಕೆ ಚೂಪು ಮಾಡಿದರು. ಮಿಗ್ ವೆಲ್ಡಿಂಗ್, ಅದೂ ಒಂದೇ ಸಲ ಎಳೆಯದೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು, ಶಾಖಕ್ಕೆ ತೊಲೆ ಸೊಟ್ಟಗಾಗಬಾರದು ಅಂತ. ಹ್ಯಾಂಗರನ್ನು ವೆಲ್ಡ್ ಮಾಡಲಿಲ್ಲ. ಹಳೇ ರಿವೆಟ್ ಜಾಗಕ್ಕೆ 8.8 ಗ್ರೇಡಿನ ಬೋಲ್ಟು, ನೈಲಾಕ್ ನಟ್ಟು. ನಾಲ್ಕು ದಿನದ ಕೆಲಸ, ಸಾಮಾನು, ಬಣ್ಣ ಎಲ್ಲ ಸೇರಿ 46,000 ರೂಪಾಯಿ ಆಯಿತು. ಚಿಕ್ಕಪ್ಪ ಗ್ಯಾರೇಜಿಗೆ ಕೊಟ್ಟದ್ದು ಇದರಲ್ಲಿ ಎಂಟನೇ ಒಂದು ಪಾಲೂ ಇರಲಿಲ್ಲ.

"ಬೇರೆ ಚಾಸಿನೇ ಹಾಕಿಸಿದ್ರೆ?" ಅಂತ ತುಂಬ ಜನ ಕೇಳ್ತಾರೆ. ಗುಜರಿಯಲ್ಲಿ ಸಿಗುತ್ತದೆ, ನಿಜ. ಆದರೆ ಚಾಸಿ ನಂಬರೇ ಗಾಡಿಯ ಗುರುತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಹಳೇ ನಂಬರಿನ ತುಂಡು ಕತ್ತರಿಸಿ ಹೊಸ ತೊಲೆಗೆ ಅಂಟಿಸಿಕೊಡ್ತೀನಿ ಅನ್ನುವವರು ಸಿಗುತ್ತಾರೆ. ಕದ್ದ ಗಾಡಿಗೆ ಮಾಡುವ ಕೆಲಸವೂ ಅದೇ. ತಪಾಸಣೆಯಲ್ಲಿ ನಂಬರಿನ ಸುತ್ತ ವೆಲ್ಡಿಂಗ್ ಗುರುತು ಕಂಡರೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ, ಅಪಘಾತವಾದರೆ ವಿಮೆಯವರೂ ಕೇಳುವುದಿಲ್ಲ. ಚಾಸಿ ಬದಲಿಸಲೇಬೇಕು ಅಂತಿದ್ದರೆ ಮೊದಲು ಆರ್‌ಟಿಒದಲ್ಲಿ ಬರಹದಲ್ಲಿ ಕೇಳಿ, ಉತ್ತರ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ರಿಪೇರಿಯಲ್ಲೂ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗಬಾರದು. ಕೆಲಸಕ್ಕೆ ಮೊದಲೇ ಅದರ ಫೋಟೊ ತೆಗೆದು, ಗ್ರೀಸ್ ಸವರಿ ಟೇಪು ಸುತ್ತಿ.

ಇನ್ನೊಂದು ಲೆಕ್ಕವೂ ಇದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರು-ಜೀಪುಗಳಿಗೆ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ಚಾಸಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಆರ್‌ಸಿಯ ತಾರೀಕು ನೋಡಿಕೊಳ್ಳಿ.

ಬಣ್ಣದ ವಿಷಯ ಚುಟುಕಾಗಿ. ವೈರ್ ಬ್ರಷ್, ತುಕ್ಕಿಗೆ ಹಚ್ಚುವ ಫಾಸ್ಫಾರಿಕ್ ಆಸಿಡ್ ದ್ರಾವಣ, ಚೆನ್ನಾಗಿ ಒಣಗಿಸಿ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಮುಚ್ಚಿದ ಭಾಗದ ಒಳಗೆ ಉದ್ದ ಪೈಪಿನ ನಳಿಕೆಯಿಂದ ಮೇಣದ ಸ್ಪ್ರೇ. ತುಕ್ಕಿನ ಮೇಲೆಯೇ ರಬ್ಬರ್ ಕೋಟಿಂಗ್ ಬೇಡ, ಹಸಿ ಒಳಗೇ ಉಳಿಯುತ್ತದೆ. ಸುಟ್ಟ ಆಯಿಲ್ ಬಳಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ನನಗೆ ಅದು ಹಿಡಿಸುವುದಿಲ್ಲ: ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಮೊದಲ ಮಳೆಗೇ ಅರ್ಧ ಆಯಿಲ್ ತೊಳೆದು ನಮ್ಮದೇ ತೋಟದ ಕಾದಿಗೆ ಇಳಿಯುತ್ತದೆ.

ಗೊಬ್ಬರ ಅಥವಾ ಮೈಲುತುತ್ತ ಸಾಗಿಸಿದ ದಿನ ಸಂಜೆಯೇ ಅಡಿ ತೊಳೆಯಿರಿ. ಔಷಧಿ ಹೊಡೆಯುವ ಪಂಪೇ ಸಾಕು, ಆದರೆ ಟ್ಯಾಂಕನ್ನು ಮೊದಲು ಚೆನ್ನಾಗಿ ಜಾಲಾಡಿ, ಬೋರ್ಡೋ ಉಳಿದ ನೀರಿನಲ್ಲಿ ತೊಳೆಯುವುದಲ್ಲ. ಡ್ರಮ್ಮಿಗೆ ಮುಚ್ಚಳ ಇರಲಿ, ಕೆಳಗೆ ಹಳೇ ಟಾರ್ಪಾಲು ಹಾಸಿ. ತೊಲೆಯ ನೀರಿಳಿಯುವ ತೂತುಗಳಿಗೆ ತಿಂಗಳಿಗೊಮ್ಮೆ ಒಂದು ಸೈಕಲ್ ಕಡ್ಡಿ ಹಾಕಿ ಕೆದಕಿ. ಕೆಸರು ಉದುರಿ ನೀರು ಹರಿಯಬೇಕು, ಅಲ್ಲಿಯವರೆಗೆ ಕೆದಕಿ.