ಅಂಕಲಿಯ ಅಂಗಳದಿಂದ ದೂರದರ್ಶನದ ಕಾಲೇಜಿಗೆ

ಚಿಕ್ಕೋಡಿ ತಾಲೂಕಿನ ಅಂಕಲಿಯು ಕೃಷ್ಣಾನದಿಯ ದಂಡೆಯ ಊರು. ಸುತ್ತಲೂ ಕಬ್ಬಿನ ಹೊಲಗಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡದ ಜೊತೆಗೆ ಮರಾಠಿ. ಈಚೆಗೆ ಆ ಊರಿನ ಪರಿಚಿತ ಗೃಹಸ್ಥರೊಬ್ಬರ ಮನೆಯಲ್ಲಿ ಎರಡು ದಿನ ಇರುವ ಪ್ರಸಂಗವು ನಮಗೆ ಒದಗಿತು. ಸಂಜೆ ದೇವರ ಮುಂದೆ ದೀಪವಿಟ್ಟ ಬಳಿಕ ಮನೆಯವರೆಲ್ಲರೂ ಪಡಸಾಲೆಯಲ್ಲಿ ದೂರದರ್ಶನದ ಮುಂದೆ ಕುಳಿತರು. ತೆರೆಯ ಮೇಲೆ ಒಂದು ಕಾಲೇಜು. ಅದರ ಮೆಟ್ಟಿಲುಗಳ ಮೇಲೆ ತರುಣ ತರುಣಿಯರ ಹರಟೆ, ಜಗಳ, ಕಣ್ಣೀರು. ಆ ಮನೆಯ ಮಗಳು ಬಿ.ಎ. ಎರಡನೆಯ ವರ್ಷದಲ್ಲಿ ಓದುವವಳು. ಕಾಲೇಜಿನ ಏಕಾಂಕದಲ್ಲಿ ಪಾತ್ರ ವಹಿಸಿ ಬಹುಮಾನ ಪಡೆದವಳು. ಕಂತು ಮುಗಿದೊಡನೆ ಅವಳು ನಮ್ಮ ಕಡೆಗೆ ತಿರುಗಿ, "ಕಾಕಾ, ಇಂಥಾ ಧಾರಾವಾಹಿಯೊಳಗ ನಮ್ಮಂಥಾ ಊರವರಿಗೆ ಪಾತ್ರ ಸಿಗತಾವೇನ್ರಿ? ಅಲ್ಲಿಗೆ ಹೋಗೂ ದಾರಿ ಯಾವ್ದರಿ?" ಎಂದು ಕೇಳಿದಳು.

ನಾವು ಉತ್ತರ ಕೊಡುವುದರೊಳಗಾಗಿ ತಂದೆಯವರು, "ನಾಟಕದವರಿಗೆ ಹೆಣ್ಣು ಕೊಡಬಾರದು, ಮನಿ ಕೊಡಬಾರದು ಅಂತಿದ್ರು ನಮ್ಮ ಹಿರ್ಯಾರು. ಹೊಟ್ಟಿಗಾದರೂ ಗತಿ ಐತೇನ್ರಿ ಅದರಾಗ?" ಎಂದರು. ತಾಯಿಯು ಒಳಗಿನಿಂದಲೇ, "ಹೆಣ್ಣಮಗಳನ್ನ ಒಬ್ಬಾಕಿನ್ನ ಬೆಂಗಳೂರಿಗೆ ಹ್ಯಾಂಗ ಕಳಸೂದ್ರಿ?" ಎಂದಳು.

ದಾರಿ, ಮರ್ಯಾದೆ, ಹೊಟ್ಟೆ, ಕ್ಷೇಮ: ಮೂವರು ಕೇಳಿದ ಈ ನಾಲ್ಕು ಪ್ರಶ್ನೆಗಳು ಇಂದು ಅನೇಕ ಮನೆಗಳಲ್ಲಿ ಏಳುತ್ತಿರುವವು. ನಗೆಯಾಡಿ ಬಿಡತಕ್ಕ ಪ್ರಶ್ನೆಗಳು ಇವಲ್ಲ. ಒಂದೊಂದನ್ನಾಗಿ ವಿಚಾರಿಸೋಣ.

ಮೊದಲು ಮರ್ಯಾದೆಯ ಮಾತು. ನಾಟಕವು ಈ ನೆಲಕ್ಕೆ ಹೊರಗಿನಿಂದ ಬಂದ ಚಟವಲ್ಲ. 1842ರಲ್ಲಿ ಕರ್ನಾಟಕದ ಭಾಗವತರ ಮೇಳವೊಂದು ಅಂಕಲಿಗೆ ಸಮೀಪದ ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಅರಸರಾದ ಚಿಂತಾಮಣರಾವ ಪಟವರ್ಧನರು ತಮ್ಮ ಭಾಷೆಯಲ್ಲಿಯೂ ಅಂಥದು ಆಗಬೇಕೆಂದು ಬಯಸಿದರು. ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವೆಂದು ಎಣಿಸಲ್ಪಡುವ ಆ ನಾಟಕದ ಹಿಂದೆ ಕನ್ನಡದ ಆಟವಿದ್ದಿತೆಂಬುದನ್ನು ಗಡಿಯ ನಾಡಿನವರಾದರೂ ಮರೆಯಬಾರದು. ಬೆಳಗಾವಿ ಜಿಲ್ಲೆಯಲ್ಲಿಯೇ ಕುಲಗೋಡ ತಮ್ಮಣ್ಣನವರು 'ಶ್ರೀಕೃಷ್ಣ ಪಾರಿಜಾತ'ವನ್ನು ಮನೆಮಾತಾಗಿಸಿದರು. ಕೌಜಲಗಿ ನಿಂಗಮ್ಮನವರು ಅದನ್ನು ಆಡಿ ಜನಮನ್ನಣೆ ಪಡೆದರು. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಬಾಲ್ಯದಲ್ಲಿ ಸ್ತ್ರೀಪಾತ್ರಗಳನ್ನು ವಹಿಸುತ್ತ ರಂಗಕ್ಕೆ ಬಂದರು; ಮುಂದೆ ತಮ್ಮದೇ ಕಂಪನಿ ಕಟ್ಟಿದರು; ಬಸವಣ್ಣನವರ ಪಾತ್ರದಲ್ಲಿ ಅವರು ರಂಗದ ಮೇಲೆ ಬಂದರೆ ಪ್ರೇಕ್ಷಕರು ಎದ್ದು ಕೈಮುಗಿಯುತ್ತಿದ್ದರೆಂದು ಹಿರಿಯರು ಹೇಳುವರು. ನೂರಮೂರು ವರ್ಷಗಳ ಬಾಳನ್ನು ಬಾಳಿ ಅವರು 2017ರಲ್ಲಿ ತೀರಿಕೊಂಡಾಗ ನಾಡೇ ಶೋಕಿಸಿತು. ನಟನಿಗೆ ಮನೆ ಕೊಡಬಾರದೆಂಬ ಮಾತನ್ನು ಇಂಥ ಬಾಳುವೆಯೇ ಸುಳ್ಳು ಮಾಡಿತು.

ಹೆಣ್ಣುಮಕ್ಕಳ ಹಾದಿ ಇದಕ್ಕಿಂತ ಕಠಿಣವಾಗಿದ್ದಿತು. ಒಂದು ಕಾಲಕ್ಕೆ ಸೀತೆ ದ್ರೌಪದಿಯರೆಲ್ಲರೂ ಗಂಡಸರೇ. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿಯವರು ಜನರ ಮಾತಿಗೆ ಅಂಜದೆ ರಂಗವೇರಿದರು. ಅಮೀರಬಾಯಿಯವರ ಕಂಠವು 1943ರ 'ಕಿಸ್ಮತ್' ಚಿತ್ರದಿಂದ ಹಿಂದುಸ್ಥಾನವೆಲ್ಲ ಕೇಳಿತು. ಇಂದು ನಮ್ಮ ಹುಡುಗಿಯೊಬ್ಬಳು ಕಾಲೇಜಿನ ರಂಗದ ಮೇಲೆ ನಿಂತು ಬಹುಮಾನ ತಂದರೆ ತಾಯಿಯು ಅದನ್ನು ನೆರೆಯವರಿಗೆ ತೋರಿಸಿ ಸಂತೋಷಪಡುವಳು. ಈ ಸಂತೋಷಕ್ಕೆ ಬೆಲೆ ತೆತ್ತವರು ಹಿಂದಿನವರು.

ಇನ್ನು ದಾರಿಯ ಪ್ರಶ್ನೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾಯಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ, 2006ರಲ್ಲಿ ಜೀ, 2007ರಲ್ಲಿ ಸುವರ್ಣ ಹೀಗೆ ಕನ್ನಡದ ಖಾಸಗಿ ವಾಹಿನಿಗಳು ಒಂದರ ಹಿಂದೊಂದು ಬಂದವು. ದಿನಾಲೂ ಕಥೆ ಬೇಕಾಯಿತು. ಕಥೆಗೆ ಮುಖಗಳು ಬೇಕಾದವು. ಶಾಲೆ ಕಾಲೇಜುಗಳ ಕಥೆಗಳಿಗಂತೂ ಎಳೆಯ ಮುಖಗಳೇ ಬೇಕು. ಅಲ್ಲಿಗೆ ಮುಟ್ಟಿದವರನ್ನು ನೋಡಿದರೆ ನಮಗೆ ಮೂರು ದಾರಿಗಳು ಕಾಣುವವು.

ಮೊದಲನೆಯದು ಬಾಲ್ಯದ ದಾರಿ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗರು 1980ರ ದಶಕದ ಉತ್ತರಾರ್ಧದಲ್ಲಿ 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿಯಾಗಿಸಿದರು. ಮಲೆನಾಡಿನ ಆಗುಂಬೆಯೇ ಮಾಲ್ಗುಡಿಯಾಯಿತು. ಶಾಲೆಗೆ ಹೋಗಲು ಒಲ್ಲದ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥರು ಭಾರತದ ಮನೆಮನೆಗೆ ಪರಿಚಿತರಾದರು. ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರು ಇದ್ದರು. ಆ ಬಾಲಕನ ಮುಂದಿನ ನಡೆಯೇ ಹೆಚ್ಚು ಬೋಧಪ್ರದವಾದುದು. ಇಷ್ಟು ಕೀರ್ತಿ ಬಂದ ಮೇಲೂ ಅವರು ಹರೆಯದಲ್ಲಿಯೇ ನಟನೆಯನ್ನು ಬಿಟ್ಟು, ಓದಿ ಬೇರೆ ಉದ್ಯೋಗ ಹಿಡಿದರು. ಮಗುವಿನ ಕೀರ್ತಿಯು ಮಗುವಿನ ಇಡೀ ಬಾಳಲ್ಲವೆಂಬುದನ್ನು ತಂದೆತಾಯಿಗಳು ಇದರಿಂದ ತಿಳಿಯತಕ್ಕದ್ದು. ಈಗಂತೂ ಕಾಯಿದೆಯ ಕಟ್ಟಳೆಯೇ ಉಂಟು: 2017ರ ನಿಯಮಗಳ ಮೇರೆಗೆ ಬಾಲಕಲಾವಿದರಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಕೂಡದು, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಕೂಡದು, ಗಳಿಕೆಯ ನೂರಕ್ಕೆ 20 ಪಾಲಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಾಗಬೇಕು.

ಎರಡನೆಯದು ರಂಗಭೂಮಿಯ ದಾರಿ. 1986ರಲ್ಲಿ ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿದ ಯಶ್ ಅವರ ತಂದೆಯವರು ಬಸ್ಸಿನ ಚಾಲಕರು. ನಟನಾಗಬೇಕೆಂದು ಬೆಂಗಳೂರಿಗೆ ಬಂದ ಹುಡುಗನಿಗೆ ಮೊದಲು ಸಿಕ್ಕಿದ್ದು ನಾಯಕನ ಪಾತ್ರವಲ್ಲ, ಬಿ. ವಿ. ಕಾರಂತರು ಕಟ್ಟಿದ ಬೆನಕ ತಂಡದಲ್ಲಿ ಪರದೆಯ ಹಿಂದಿನ ಚಾಕರಿ. ಸಾಮಾನು ಹೊತ್ತು, ಇತರರ ಮಾತುಗಳನ್ನು ಕೇಳಿ ಕಲಿತು, ಆ ಮೇಲೆ ಧಾರಾವಾಹಿಗಳಿಗೆ ಹೋದರು. ಅಶೋಕ ಕಶ್ಯಪರ 'ನಂದಗೋಕುಲ'ದಲ್ಲಿ ಅವರ ಜೊತೆಗೆ ಅಭಿನಯಿಸಿದವರು ರಾಧಿಕಾ ಪಂಡಿತರು.

ಮೂರನೆಯ ದಾರಿ ಈ ರಾಧಿಕಾ ಪಂಡಿತರದು: ಕಾಲೇಜಿನಿಂದ ನೆಟ್ಟಗೆ ಧಾರಾವಾಹಿಗೆ. ಅವರು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಓದಿದವರು. ಇಬ್ಬರೂ 2008ರಲ್ಲಿ, ಕಾಲೇಜಿನ ಹುಡುಗಿಯರ ಬಾಳನ್ನು ಕುರಿತ 'ಮೊಗ್ಗಿನ ಮನಸು' ಚಿತ್ರದಲ್ಲಿ ಕಾಣಿಸಿಕೊಂಡು ಪ್ರಶಸ್ತಿ ಪಡೆದರು. ಆದರೆ ಈ ಮೂರನೆಯ ದಾರಿಯು ಬೆಂಗಳೂರಿನಲ್ಲಿಯೇ ಇರುವವರಿಗೆ ಹತ್ತಿರ, ಅಂಕಲಿಯವರಿಗೆ ದೂರ. ನಮ್ಮ ಕಡೆಯ ಮಕ್ಕಳಿಗೆ ಒಪ್ಪುವ ಹಾದಿಯು ಎರಡನೆಯದೇ ಎಂದು ನಮ್ಮ ಅಭಿಪ್ರಾಯ. ಅದರ ಮೊದಲ ಮೆಟ್ಟಿಲು ನಮ್ಮೂರಿನಲ್ಲಿಯೇ ಇರುವುದು. ಜಾತ್ರೆಯ ನಾಟಕದ ಅಟ್ಟವೂ, ವಿಶ್ವವಿದ್ಯಾಲಯದ ಯುವಜನೋತ್ಸವದ ಏಕಾಂಕವೂ, ಅಣಕು, ಮೂಕಾಭಿನಯಗಳೂ ಹಣವಿಲ್ಲದೆ ದೊರೆಯುವ ಶಾಲೆಗಳು.

ನಡುವೆ ಒಂದು ಅಡ್ಡಿಯುಂಟು. ಅದು ಮಾತಿನ ಅಡ್ಡಿ. ಧಾರಾವಾಹಿಗಳ ಬಹುಪಾಲು ಮಾತು ಬೆಂಗಳೂರು ಮೈಸೂರು ಕಡೆಯದು. ನಮ್ಮ ಹುಡುಗರು ಆಡಿಷನ್ನಿಗೆ ನಿಂತು 'ಹೋಗಾಕತ್ತೇನ್ರಿ' ಎಂದೊಡನೆ ಕೇಳುವವರಿಗೆ ನಗೆ ಬರುವುದು. ಹಾಸ್ಯದ ಪಾತ್ರವನ್ನೇ ಮುಂದೆ ಮಾಡುವರು. ಇದಕ್ಕೆ ನಾಚಿ ಮನೆಮಾತನ್ನು ಮರೆಯಬೇಕಾಗಿಲ್ಲ. ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ'ಯು ಉತ್ತರ ಕರ್ನಾಟಕದ ಮಾತಿನಲ್ಲಿಯೇ ಬಂದು ನಾಡೆಲ್ಲದರ ಮೆಚ್ಚುಗೆ ಪಡೆಯಿತಷ್ಟೆ! ಆದರೆ ಎರಡು ಮಾತುಗಳನ್ನೂ ಬಲ್ಲವನು ಒಂದೇ ಬಲ್ಲವನಿಗಿಂತ ಶ್ರೀಮಂತನು. 2020ರಿಂದ 2023ರ ವರೆಗೆ ಬಂದ 'ಕನ್ನಡತಿ'ಯ ನಾಯಕಿಯು ಕನ್ನಡ ಕಲಿಸುವ ಅಧ್ಯಾಪಕಿ. ಆ ಪಾತ್ರ ವಹಿಸಿದ ರಂಜನಿ ರಾಘವನ್ನರು ಅದಕ್ಕೆ ಮೊದಲು 'ಪುಟ್ಟಗೌರಿ ಮದುವೆ'ಯಲ್ಲಿ ಪಳಗಿದವರು. 2021ರಲ್ಲಿ 'ಕಥೆ ಡಬ್ಬಿ' ಎಂಬ ಕಥಾಸಂಗ್ರಹವನ್ನೂ ಹೊರತಂದರು. ಓದುವ ನಾಲಗೆಗೆ ಮಾತು ಹಿಡಿತದಲ್ಲಿರುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ. ದಿನಾಲೂ ಅರ್ಧ ಗಂಟೆ ಒಳ್ಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುವ ಅಭ್ಯಾಸಕ್ಕೆ ಕಾಸಿನ ಖರ್ಚೂ ಇಲ್ಲ.

ಹೊಟ್ಟೆಯ ಪ್ರಶ್ನೆಗೆ ನಾವು ಸಿಹಿಯಾದ ಉತ್ತರವನ್ನೇ ಕೊಡಲಾರೆವು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆಯಿರುವುದು. ವಾರಕ್ಕೆ ಐದಾರು ಇಂಥ ಕಂತುಗಳು. ಇವುಗಳನ್ನು ತುಂಬಿಸಲು ಬೆಳಗಿನಿಂದ ರಾತ್ರಿಯ ವರೆಗೆ ಚಿತ್ರೀಕರಣ ನಡೆಯುವುದು. ಮಾತು ಬರೆದ ಹಾಳೆಯು ಅದೇ ಹೊತ್ತಿಗೆ ಕೈಗೆ ಬರುವುದು; ಅಲ್ಲಿಯೇ ಬಾಯಿಪಾಠ ಮಾಡಿ ಅಲ್ಲಿಯೇ ಅಳಬೇಕು, ನಗಬೇಕು. ಕೂಲಿಯು ಬಹುತರ ದಿನದ ಲೆಕ್ಕದ್ದು. ಕರೆದ ದಿನ ಉಂಟು, ಕರೆಯದ ದಿನ ಇಲ್ಲ. ಎಷ್ಟು ಮನೆಗಳಲ್ಲಿ ನೋಡಿದರೆಂಬ ಲೆಕ್ಕವು ವಾರವಾರವೂ ಬರುತ್ತಿರುವುದರಿಂದ, ನೋಡುವವರು ಕಡಿಮೆಯಾದರೆ ಪಾತ್ರವು ಹಠಾತ್ತನೆ ಪರದೇಶಕ್ಕೆ ಹೋಗುವುದು, ಇಲ್ಲವೇ ಧಾರಾವಾಹಿಯೇ ಮುಗಿಯುವುದು. ಮಳೆಯನ್ನು ನಂಬಿದ ಒಕ್ಕಲಿಗನಿಗೆ ಈ ಬಾಳುವೆಯ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದುದರಿಂದ ಪದವಿಯನ್ನು ನಡುವೆ ಬಿಟ್ಟು ಹೋಗುವುದನ್ನು ನಾವು ಎಂದಿಗೂ ಒಪ್ಪೆವು. ಪದವಿಯೆಂಬುದು ಮನೆಯ ಹಗೇವಿನಲ್ಲಿಟ್ಟ ಜೋಳ. ಬರಗಾಲಕ್ಕೆ ಅದೇ ಆಧಾರ.

ಕಡೆಗೆ ತಾಯಿಯ ಪ್ರಶ್ನೆ. ನಮ್ಮ ಪರಿಚಯದ ರಾಯಬಾಗದ ಕಡೆಯ ಹುಡುಗನೊಬ್ಬನಿಗೆ ಒಂದು ದಿನ ಮೊಬೈಲಿನಲ್ಲಿ ಕರೆ ಬಂದಿತು: "ಹೊಸ ಕಾಲೇಜು ಧಾರಾವಾಹಿ, ನಿನ್ನ ಫೋಟೋ ಆರಿಸಲ್ಪಟ್ಟಿದೆ, ಹೆಸರು ನೋಂದಿಸಲು ಮೊದಲು ಹಣ ಕಳಿಸು" ಎಂದು. ಹುಡುಗನು ಕಬ್ಬಿನ ಬಿಲ್ಲಿನ ಹಣದಲ್ಲಿ ಗುಟ್ಟಾಗಿ ಮೂರು ಸಲ ಕಳಿಸಿದನು. ನಾಲ್ಕನೆಯ ಸಲಕ್ಕೆ ಆ ನಂಬರು ಸತ್ತುಹೋಗಿದ್ದಿತು. ಹಣ ಹೋದುದಕ್ಕಿಂತ, ಮನೆಯವರಿಗೆ ಹೇಳಲಾರದೆ ಅವನು ಆರು ತಿಂಗಳು ಪಟ್ಟ ಸಂಕಟವು ದೊಡ್ಡದು. ವಾಚಕರು ಇಷ್ಟನ್ನು ನೆನಪಿಡಲಿ: ಪಾತ್ರ ಕೊಡುವವರು ನಟನಿಗೆ ಹಣ ಕೊಡುವರು, ನಟನಿಂದ ಹಣ ಕೇಳುವವನು ಪಾತ್ರ ಕೊಡುವವನಲ್ಲ. ಆಡಿಷನ್ನಿನ ಕರೆ ಬಂದರೆ ವಾಹಿನಿಯ ಕಚೇರಿಗೇ ವಿಚಾರಿಸಿ ನಿಜವೋ ಸುಳ್ಳೋ ತಿಳಿಯಬೇಕು. ಮೊದಲ ಸಲ ಮನೆಯ ಹಿರಿಯರೊಬ್ಬರು ಜೊತೆಗೆ ಹೋಗಬೇಕು. ಕರಾರು ಪತ್ರವನ್ನು ಓದಿಸಿ ತಿಳಿದುಕೊಳ್ಳದೆ ರುಜು ಹಾಕಕೂಡದು. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಸ್ಥಳದಲ್ಲಿ ಹೆಂಗಸರ ದೂರನ್ನು ಕೇಳುವ ಸಮಿತಿ ಇರಲೇಬೇಕೆಂದು 2013ರ ಕಾಯಿದೆಯು ವಿಧಿಸಿರುವುದು. ಚಿತ್ರೀಕರಣದ ಸ್ಥಳವೂ ದುಡಿಮೆಯ ಸ್ಥಳವೇ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಬಂದು ಹೇಳುವಂತೆ ಮನೆಯ ಬಾಗಿಲು ತೆರೆದಿರಬೇಕು. ಬೈಗಳಿಗೆ ಅಂಜಿದ ಮಗುವೇ ಠಕ್ಕನ ಕೈಗೆ ಬೇಗ ಸಿಕ್ಕುವುದು.

ಕಲಿಯಲು ಹೊರಡುವವರಿಗೆ ಒಳ್ಳೆಯ ಶಾಲೆಗಳಿಗೆ ಕೊರತೆಯಿಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿ ಕಲಿತ ಅಚ್ಯುತಕುಮಾರರಂಥವರು ಧಾರಾವಾಹಿ ಚಲನಚಿತ್ರಗಳೆರಡರಲ್ಲಿಯೂ ಹೆಸರಾದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಈಗ ಧಾರವಾಡದಲ್ಲಿಯೂ ಶಾಖೆಯುಂಟು. ಅದು ನಮಗೆ ಹತ್ತಿರ. ದಿಲ್ಲಿಯಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾಟಕ ಶಾಲೆಯು ಪದವಿಯನ್ನೂ ನಾಟಕಗಳಲ್ಲಿ ಪಾತ್ರ ವಹಿಸಿದ ಅನುಭವವನ್ನೂ ಕೇಳುವುದು. ಇತ್ತ ಪುಣೆಯು ಅಂಕಲಿಗೆ ಬೆಂಗಳೂರಿಗಿಂತ ಸಮೀಪ. ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿ ಮುಂದೆ ಪುಣೆಗೆ ಹೋದ ಪ್ರಭಾತ ಕಂಪನಿಯ ನೆಲದ ಮೇಲೆಯೇ 1960ರಲ್ಲಿ ಸರಕಾರದ ಚಲನಚಿತ್ರ ಶಾಲೆ ನಿಂತಿರುವುದು. ಇವುಗಳ ಪ್ರವೇಶವು ಪರೀಕ್ಷೆಯಿಂದ, ಶಿಫಾರಸಿನಿಂದಲ್ಲ.

ಇದನ್ನೆಲ್ಲ ನಾವು ಅಂದು ರಾತ್ರಿ ಆ ಪಡಸಾಲೆಯಲ್ಲಿ ಹೇಳಿದೆವು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಮೊದಲ ಬಿ.ಎ. ಮುಗಸವ್ವಾ. ಆಮ್ಯಾಲ ಧಾರವಾಡಕ್ಕ ನಾನs ಬಂದು ಬಿಟ್ಟು ಬರತೇನಿ" ಎಂದರು. ಹುಡುಗಿಯು ಮರುಮಾತಾಡಲಿಲ್ಲ. ಮರುದಿನ ನಸುಕಿನಲ್ಲಿ ನಾವು ಹೊರಡುವಾಗ ಅವಳು ಹಿತ್ತಲಲ್ಲಿ ಬಾವಿಯ ಕಡೆ ಮುಖಮಾಡಿ ನಿಂತು, ಪಠ್ಯದ ಹಳೆಯ ನಾಟಕವೊಂದನ್ನು ಗಟ್ಟಿಯಾಗಿ ಓದುತ್ತಿದ್ದಳು. ತಾಯಿಯು ಒಲೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತ, ಕಿವಿಯನ್ನು ಅತ್ತಲೇ ಇಟ್ಟಿದ್ದಳು.