ಮಾವನ ಅಂಗಡಿಯ ಒಂಬತ್ತು

ನಮ್ಮ ಲ್ಯಾಬಿನಲ್ಲಿ ಡೇಟಾಬೇಸ್ ಯಾವಾಗಲೂ ಖಾಲಿಯಾಗಿಯೇ ಶುರುವಾಗುತ್ತದೆ. ‘ಕ್ರಿಯೇಟ್ ಟೇಬಲ್’ ಬರೆದು, ನಾಲ್ಕು ಹೆಸರು ತುಂಬಿಸಿದರೆ ವೈವಾ ಮುಗಿಯಿತು. ಹೊರಗೆ ಹಾಗಿಲ್ಲ. ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದ್ದು 2000ದ ಆಸುಪಾಸಿನಲ್ಲಿ. ಆಮೇಲೆ ಬಂದ ‘ಫ್ರೂಟ್ಸ್’ ತಂತ್ರಾಂಶವೂ ಜಮೀನಿನ ವಿವರಕ್ಕೆ ಅದನ್ನೇ ಕೇಳುತ್ತದೆ. ಕೆಲಸಕ್ಕೆ ಸೇರಿದ ಮೇಲೆ ನಮಗೆ ಸಿಗುವುದೂ ಹೀಗೆ ಬೇರೆ ಯಾರೋ ತುಂಬಿಟ್ಟ ಟೇಬಲ್ಲುಗಳೇ.

ನನಗೆ ಸಿಕ್ಕಿದ್ದು ಸೋದರಮಾವನ ಗೊಬ್ಬರದ ಅಂಗಡಿಯದು. ಹತ್ತು ವರ್ಷದ ಉದ್ರಿ ಲೆಕ್ಕ ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿನ ಮೈಎಸ್‌ಕ್ಯುಎಲ್‌ನಲ್ಲಿತ್ತು. ಅದನ್ನು ಮಾಡಿಕೊಟ್ಟವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ‘ಯಾರ ಬಾಕಿ ಎಷ್ಟೈತಿ ಅಂತ ಮೊಬೈಲ್‌ನಾಗ ಕಾಣಂಗ ಮಾಡಿಕೊಡೋ ಅಳಿಯಾ’ ಅಂದರು ಮಾವ. ನನಗೆ ಜ್ಯಾಂಗೊ ಬರುತ್ತಿತ್ತು. (ಅಮೆರಿಕದ ಕಾನ್ಸಾಸ್‌ನ ಒಂದು ದಿನಪತ್ರಿಕೆಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಸಿಕ್ಕ ವೆಬ್ ಫ್ರೇಮ್‌ವರ್ಕ್ ಇದು.) ಎರಡು ದಿನದ ಕೆಲಸ ಅಂದುಕೊಂಡೆ.

ಡೇಟಾಬೇಸಿನ ಪ್ರತಿ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕೈಯಾರೆ ಮಾಡೆಲ್ ಬರೆದರೆ ‘ಅಂಥ ಟೇಬಲ್ಲೇ ಇಲ್ಲ’ ಅಂತು. ನಾವು ಹೇಳದಿದ್ದರೆ ಜ್ಯಾಂಗೊ ತನ್ನದೇ ಪದ್ಧತಿಯಲ್ಲಿ, ಆ್ಯಪ್‌ನ ಹೆಸರಿನ ಮುಂದೆ ಮಾಡೆಲ್ ಹೆಸರು ಜೋಡಿಸಿ ಟೇಬಲ್ ಹುಡುಕುತ್ತದೆ. ಹಳೇ ಟೇಬಲ್ಲಿನ ನಿಜವಾದ ಹೆಸರನ್ನು ‘ಡಿಬಿ_ಟೇಬಲ್’ ಅಂತ ನಾವೇ ಕೊಡಬೇಕು. ಇದೆಲ್ಲ ತಾನೇ ಮಾಡಿಕೊಡುವ ‘ಇನ್‌ಸ್ಪೆಕ್ಟ್‌ಡಿಬಿ’ ಎಂಬ ಕಮಾಂಡ್ ಇದೆ. ಇರುವ ಟೇಬಲ್ಲುಗಳನ್ನು ಓದಿ ಮಾಡೆಲ್‌ಗಳನ್ನು ಬರೆದುಕೊಟ್ಟು, ಪ್ರತಿಯೊಂದರಲ್ಲೂ ‘ಮ್ಯಾನೇಜ್ಡ್ = ಫಾಲ್ಸ್’ ಅಂತ ಸೇರಿಸುತ್ತದೆ. ಅಂದರೆ ಮೈಗ್ರೇಟ್ ಮಾಡಿದರೂ ಈ ಟೇಬಲ್ಲನ್ನು ಜ್ಯಾಂಗೊ ಕಟ್ಟುವುದಿಲ್ಲ, ಬದಲಿಸುವುದಿಲ್ಲ, ಕೆಡವುವುದೂ ಇಲ್ಲ. ಹಂಪಿಯ ಪಕ್ಕ ಕಡ್ಡಿರಾಂಪುರದಲ್ಲಿರುವ ನಮಗೆ ಪುರಾತತ್ವ ಇಲಾಖೆಯ ಬೋರ್ಡು ಹೊಸದೇನಲ್ಲ. ಇದೂ ಅಂಥದ್ದೇ ಅಂದುಕೊಂಡೆ.

ಪೂರ್ತಿ ಹಾಗಲ್ಲ. ಅದು ಕಾಯುವುದು ಟೇಬಲ್ಲಿನ ರಚನೆಯನ್ನಷ್ಟೇ. ಒಳಗಿನ ಸಾಲುಗಳನ್ನು ‘ಡಿಲೀಟ್’ ಅಂದರೆ ಮರುಮಾತಿಲ್ಲದೆ ಅಳಿಸಿಬಿಡುತ್ತದೆ. ಅದಕ್ಕೇ ಅಂಗಡಿಯ ಅಸಲಿ ಡೇಟಾಬೇಸಿಗೆ ಜೋಡಿಸುವಾಗ ‘ಸೆಲೆಕ್ಟ್’ ಅನುಮತಿ ಮಾತ್ರ ಇರುವ ಬೇರೆ ಯೂಸರ್ ಮಾಡಿದೆ. ಲಾಗಿನ್ ವಿವರಕ್ಕೆ ಇನ್ನೊಂದು ಡೇಟಾಬೇಸ್ ಇಟ್ಟೆ. ನೀವೂ ಮೊದಲು ಇದನ್ನೇ ಮಾಡಿ.

ಆಮೇಲೆ ಹೆಸರುಗಳ ಗೋಳು. ಎಲ್ಲವನ್ನೂ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ, ಮೊಬೈಲ್‌ನಲ್ಲಿ ಕೊಂಬು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಯುನಿಕೋಡ್‌ಗೆ ಪರಿವರ್ತಿಸಿ ತೋರಿಸಲು ಒಂದು ವಾರ ಹೋಯಿತು.

ಬಾಕಿ ಜಾಸ್ತಿ ಇದ್ದವರು ಮೇಲೆ ಬರುವಂತೆ ಪಟ್ಟಿ ಮಾಡಿ ಮಾವನ ಕೈಗೆ ಕೊಟ್ಟೆ. ಮೊದಲ ಹೆಸರಿಗೆ ಫೋನ್ ಹಚ್ಚಲು ಹೊರಟವರು ನಿಂತರು. ‘ಇವರದು ಬರೇ 950 ಐತಲ್ಲೋ!’ 12400 ಬಾಕಿ ಇದ್ದವರು ಎಲ್ಲೋ ಕೆಳಗಿದ್ದರು. ಬಾಕಿಯ ಕಾಲಂ ಸಂಖ್ಯೆಯಾಗಿರದೆ ಅಕ್ಷರದ ರೂಪದಲ್ಲಿ, ಅಂದರೆ ‘ವಾರ್ಕ್ಯಾರ್’ ಆಗಿತ್ತು. ಅಕ್ಷರವಾಗಿ ಹೋಲಿಸಿದರೆ 9 ಯಾವತ್ತೂ 1ಕ್ಕಿಂತ ದೊಡ್ಡದು. ಕ್ವೆರಿಯಲ್ಲೇ ‘ಕ್ಯಾಸ್ಟ್’ ಬಳಸಿ ಸಂಖ್ಯೆ ಮಾಡಿಕೊಂಡೆ.

ನಿಜವಾದ ಮುಜುಗರ ಆಮೇಲಿನದು. ಕಂಪ್ಲಿ ಕಡೆಯ ರೈತರೊಬ್ಬರು ನಾಟಿ ಸಮಯಕ್ಕೆ ಯೂರಿಯಾ ಕೇಳಿಕೊಂಡು ಬಂದರು. ಮಾವ ಮೊಬೈಲ್ ನೋಡಿ ‘ಹಳೇದು 6,200 ಐತಲ್ರೀ’ ಅಂದರು. ಅವರ ಮುಖ ಸಣ್ಣದಾಯಿತು. ‘ಆ ಚೀಲ ವಾಪಸ್ ಕೊಟ್ಟೀನಲ್ರೀ ಸಾಹುಕಾರ್ರೇ’ ಅಂದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಮಂದಿ ನಿಂತಿದ್ದರು. ಒಳಗಿದ್ದ ಹಳೇ ಗುಮಾಸ್ತರು ಬಂದು ನನ್ನ ಲ್ಯಾಪ್‌ಟಾಪಿಗೆ ಬಗ್ಗಿದರು. ‘ಸ್ಟೇಟಸ್ ಕಾಲಂನಾಗ ಒಂಬತ್ತು ಅಂತ ಐತಲ್ಲ ತಮ್ಮಾ, ಅದು ರದ್ದಾದ ಬಿಲ್ಲು. ನನ್ನ ಕೇಳಬೇಕಿಲ್ಲೇನು?’

ಕೇಳಿರಲಿಲ್ಲ. ಇನ್‌ಸ್ಪೆಕ್ಟ್‌ಡಿಬಿ ಆ ಕಾಲಂನಲ್ಲಿರುವುದು ಅಂಕಿ ಅಂತ ಹೇಳಿತ್ತು. ಒಂಬತ್ತರ ಅರ್ಥ ಇದ್ದದ್ದು ಗುಮಾಸ್ತರ ತಲೆಯಲ್ಲಿ. ಮಾವ ಆ ರೈತರಿಗೆ ಚಹಾ ತರಿಸಿ ತಪ್ಪಾಯಿತೆಂದರು. ನಾನು ಒಂಬತ್ತನ್ನು ಹೊರಗಿಡುವ ‘ಎಕ್ಸ್‌ಕ್ಲೂಡ್’ ಸೇರಿಸಿದೆ. ಒಂದೇ ಸಾಲಿನ ಕೆಲಸ.

ಮರುದಿನ ನೋಟ್‌ಬುಕ್ ಹಿಡಿದು ಗುಮಾಸ್ತರ ಪಕ್ಕ ಕುಳಿತು ಒಂದೊಂದೇ ಕಾಲಂ ಕೇಳಿ ಬರೆದುಕೊಂಡೆ. ಒಂದು ಕಾಲಂ ಮಾತ್ರ ಏನಂತ ಅವರಿಗೂ ಗೊತ್ತಿಲ್ಲ. ಅದರಲ್ಲಿ ಈಗಲೂ ದಿನಾ ಏನೋ ಅಂಕಿ ಬೀಳುತ್ತಿದೆ. ಅದನ್ನು ನಾನು ಯಾವ ಲೆಕ್ಕಕ್ಕೂ ತೆಗೆದುಕೊಂಡಿಲ್ಲ.