ಮುಷ್ಟಿಯುದ್ಧ ಕಲಿಯುವವರ ಮಣಿಕಟ್ಟು

೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಮೇರಿ ಕೋಮ್ ಕಂಚಿನ ಪದಕ ಗೆದ್ದರು. ಇಂದು ನಮ್ಮ ಮನೆಗಳ ಹೆಣ್ಣುಮಕ್ಕಳೂ ಮುಷ್ಟಿಯುದ್ಧ ಕಲಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಮಗಳು "ಮಣಿಕಟ್ಟು ನೋವು" ಎಂದಾಗ ಎಣ್ಣೆ ತಿಕ್ಕಿ ಮರುದಿನವೇ ಅಭ್ಯಾಸಕ್ಕೆ ಕಳುಹಿಸುವ ನಮ್ಮ ರೂಢಿ ಸಲ್ಲದು.

ಗುದ್ದುವಾಗ ಮಣಿಕಟ್ಟು ಬಾಗಿದರೆ ಪೆಟ್ಟಿನ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಗೆಣ್ಣು, ಮಣಿಕಟ್ಟು, ಮುಂಗೈ ಒಂದೇ ನೇರದಲ್ಲಿರಬೇಕು. ಕೈಗವಸಿನೊಳಗಿನ ಬಟ್ಟೆಪಟ್ಟಿಯನ್ನು ಮಣಿಕಟ್ಟಿಗೂ ಸುತ್ತಬೇಕು. ನೋವಿರುವಷ್ಟು ದಿನ ಗುದ್ದುವುದು ನಿಲ್ಲಲಿ. ಓಟ, ಕಾಲ್ಚಳಕದ ಅಭ್ಯಾಸ ನಡೆಯಲಿ.

ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿದಾಗ ನೋವಾದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಅಲ್ಲಿನ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದಿರಬಹುದು. ೧೦–೧೪ ದಿನ ಮಣಿಕಟ್ಟನ್ನು ಅಲುಗಿಸದೆ ಇಟ್ಟು ಮತ್ತೆ ತೆಗೆಸಬೇಕಾದೀತು. ಅಲಕ್ಷಿಸಿದರೆ ಮೂಳೆ ಕೂಡದೆ ಕೀಲು ಜೀವಮಾನವಿಡೀ ಕಾಡಬಹುದು. ಪರವೂರಿನಲ್ಲಿ ದುಡಿದು ಮಕ್ಕಳನ್ನು ಬೆಳೆಸುವ ನಾವು ಈ ಎಚ್ಚರಿಕೆಯನ್ನು ಮರೆಯದಿರೋಣ.